ಮೊಣಕಾಲಿಗೆ ಬಂದ ಸಿಟ್ಟು

ನಮ್ಮ ಡ್ರಿಲ್ ಮೇಷ್ಟ್ರಿಗೆ ಸಿಟ್ಟು ಬಂದರೆ ಅದು ಇಡೀ ಶಾಲೆಗೆ ಗೊತ್ತಾಗುತ್ತಿತ್ತು. ಅವರು ಕೂಗಾಡುತ್ತಿದ್ದರೆಂದಲ್ಲ, ತಮ್ಮ ಸಿಟ್ಟು ಈಗ ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ರೈಲು ನಿಲ್ದಾಣದ ಪ್ರಕಟಣೆಯ ಹಾಗೆ ತಾವೇ ಗಟ್ಟಿಯಾಗಿ ಸಾರುತ್ತಿದ್ದರು. "ಹಿಮ್ಮಡಿಗೆ ಬಂತು" ಎನ್ನುವುದು ಮೊದಲ ಸೂಚನೆ. "ಮೊಣಕಾಲು!" ಎಂದರೆ ಹಿಂದಿನ ಸಾಲಿನ ತಳ್ಳಾಟ ನಿಲ್ಲುತ್ತಿತ್ತು. "ಸೊಂಟಕ್ಕೆ ಬಂತು ನೋಡ್ರಪ್ಪಾ, ಆಮೇಲೆ ನನ್ನನ್ನ ಕೇಳಬೇಡಿ" ಎನ್ನುವಷ್ಟರಲ್ಲಿ ನಾನೂರು ಮಕ್ಕಳು ಗೆರೆ ಎಳೆದ ಹಾಗೆ ನಿಂತಿರುತ್ತಿದ್ದರು. ನಮ್ಮಂಥವರ ಕೋಪ ಒಂದೇ ನೆಗೆತಕ್ಕೆ ನೆತ್ತಿಗೇರಿಬಿಡುತ್ತದೆ. ಅವರದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲಲ್ಲೂ ನಿಂತು, ತನ್ನ ಹೆಸರು ಹೇಳಿಕೊಂಡು ಏರುತ್ತಿತ್ತು. ಅವರ ಜೊತೆ ಕೆಲಸ ಮಾಡುತ್ತಿರುವ ಈ ಹನ್ನೊಂದು ವರ್ಷಗಳಲ್ಲಿ ಅದು ಎದೆ ದಾಟಿದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ. ಆ ಸಲದ ಸಂಗತಿ ಹೇಳುವುದಕ್ಕೇ ಕೂತಿದ್ದೇನೆ, ಆದರೆ ಅದಕ್ಕೆ ಮೊದಲು ಅವರ ಕೋಟಿನ ವಿಷಯ ಹೇಳದೆ ವಿಧಿಯಿಲ್ಲ.

ಬೂದು ಬಣ್ಣದ, ಮೊಣಕೈಯಲ್ಲಿ ತೇಪೆ ಹಾಕಿದ, ಬಿಸಿಲಿಗೂ ಚಳಿಗೂ ಒಂದೇ ಆದ ಆ ಕೋಟಿಲ್ಲದೆ ಅವರನ್ನು ಯಾರೂ ಕಂಡವರಿಲ್ಲ. ಆಳು ಎತ್ತರ, ಒಣಕಲು ಮೈ. ನಡಿಗೆಯಲ್ಲಿ ಕವಾಯತಿನ ಠೀವಿ. ಆದರೆ ಬಲಗಾಲಿನ ಬೂಟು ಕಿರುಗುಟ್ಟುತ್ತಿದ್ದುದರಿಂದ ಆ ಗಾಂಭೀರ್ಯಕ್ಕೆ ಎರಡು ಹೆಜ್ಜೆಗೊಮ್ಮೆ ಭಂಗ. ಕೊರಳಲ್ಲಿ ಸೀಟಿ, ಎರಡೂ ಕೈ ಕೋಟಿನ ಜೇಬಿನಲ್ಲಿ. ಆ ಜೇಬುಗಳೋ, ಲೋಕದ ಜೇಬುಗಳಲ್ಲ. ಕೈ ಇಳಿಸಿದರೆ ಮೊಣಕೈವರೆಗೆ ಒಳಗೆ ಹೋಗುವಷ್ಟು ಆಳ. ಒಂದು ಚಾಕ್ ಪೀಸ್ ಕೇಳಿದರೆ ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಿಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರು ರಸ್ತೆ ದಾಟಿಸುವಾಗ ಒಂದನೇ ತರಗತಿಯ ಮಕ್ಕಳು ಅವರ ಕೈ ಹಿಡಿಯಬೇಕೆಂದರೆ ತಾವೇ ಆ ಜೇಬಿನೊಳಗೆ ಹೆಗಲವರೆಗೆ ತೋಳು ಇಳಿಸಿ ಹುಡುಕಬೇಕಾಗಿತ್ತು. ಸ್ಟಾಫ್ ರೂಮಿನಲ್ಲಿ ನಾವು ಅದನ್ನು 'ಗೋದಾಮು' ಎಂದು ಆಡಿಕೊಂಡು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಕೈ ಮಾತ್ರ ಹೊರಗೆ ತೆಗೆಯುತ್ತಿರಲಿಲ್ಲ.

ಮೈದಾನದ ಮೂಲೆಯಲ್ಲಿದ್ದ ಆಟದ ಸಾಮಾನಿನ ಕೋಣೆಯೇ ಅವರ ಆಸ್ಥಾನ. ಗಾಳಿ ಹೋದ ಚೆಂಡುಗಳು, ಹರಿದ ಬಲೆ, ಸ್ಕಿಪ್ಪಿಂಗ್ ಹಗ್ಗಗಳ ಒಂದು ದೊಡ್ಡ ಗೋಜಲು. ಯಾವ ತರಗತಿಯಲ್ಲಿ ಯಾವ ಮಗು ಹಲ್ಲು ಕಡಿದು ಮುಷ್ಟಿ ಬಿಗಿದರೂ ಅದನ್ನು ಅಲ್ಲಿಗೆ ಕಳಿಸುವುದು ನಮ್ಮ ವಾಡಿಕೆಯಾಗಿತ್ತು. ಮೇಷ್ಟ್ರು ಆ ಗೋಜಲಿನ ಒಂದು ತುದಿಯನ್ನು ಮಗುವಿನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಎದುರಿಗೆ ಕೂರುತ್ತಿದ್ದರು. ಗಂಟು ಬಿಡಿಸುತ್ತ ಬಿಡಿಸುತ್ತ ಒಂದೇ ಪ್ರಶ್ನೆ: "ಎಲ್ಲಿದೆ ಮರಿ?"

"ಯಾಕೆ ಸಿಟ್ಟು ಬಂತು ಅಂತ ಕೇಳಲ್ವಾ ಸಾರ್?" ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ವಿಚಾರಿಸಿದ್ದೆ.

"ಯಾಕೆ ಅಂದ್ರೆ ಮಗು ವಕೀಲ ಆಗ್ಬಿಡುತ್ತೆ ಮಿಸ್, ವಾದ ಶುರು ಮಾಡುತ್ತೆ. ಎಲ್ಲಿದೆ ಅಂತ ಕೇಳಿ ನೋಡಿ, ಹುಡುಕೋಕೆ ಶುರು ಮಾಡುತ್ತೆ."

ಮಕ್ಕಳು ನಿಜಕ್ಕೂ ಹುಡುಕುತ್ತಿದ್ದರು. ಹೊಟ್ಟೆಯಲ್ಲಿ ಎನ್ನುವವರು ಕೆಲವರು, ದವಡೆಯಲ್ಲಿ ಎನ್ನುವವರು ಕೆಲವರು. ಎರಡನೇ ತರಗತಿಯ ಒಂದು ಪುಟಾಣಿ ತನ್ನ ಮೈಯನ್ನೆಲ್ಲ ತಡವಿಕೊಂಡು, ಎಲ್ಲೂ ಸಿಗದೆ, "ಸಾರ್, ನಂದು ಬ್ಯಾಗಲ್ಲಿದೆ" ಎಂದಿತಂತೆ. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಮೇಷ್ಟ್ರು ಬ್ಯಾಗು ತರಿಸಿ ಒಂದೊಂದಾಗಿ ಎಲ್ಲ ಹೊರಗೆ ತೆಗೆದರು. ಅಡಿಯಲ್ಲಿ, ಅಣ್ಣ ಹರಿದು ಹಾಕಿದ ಚಿತ್ರದ ಪುಸ್ತಕ ನಾಲ್ಕು ತುಂಡಾಗಿ ಬಿದ್ದಿತ್ತು. ಆ ಮಧ್ಯಾಹ್ನ ಇಬ್ಬರೂ ಅಂಟು ಹಚ್ಚಿ ಅದನ್ನು ಜೋಡಿಸಿದರು. "ಸಿಟ್ಟು ಮಾಡ್ಕೋಬೇಡ" ಎಂದು ಅವರು ಯಾವ ಮಗುವಿಗೂ ಹೇಳಿದ್ದನ್ನು ನಾನು ಕೇಳಿಲ್ಲ. "ಬರಲಿ ಬಿಡು. ಬರೋದು ಅದರ ಕೆಲಸ, ಎಲ್ಲಿಗೆ ಬಂತು ಅಂತ ನೋಡ್ತಾ ಇರೋದು ನಮ್ಮ ಕೆಲಸ" ಎನ್ನುತ್ತಿದ್ದರು.

ಈ ವಿದ್ಯೆ ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲವೆಂದು ನನಗೆ ಹೇಳಿದವರು ಅವರ ಹೆಂಡತಿ. ಹೊಲಿಗೆ ಕೆಲಸ ಮಾಡುವ, ಮಾತಿಗೆ ಸದಾ ಸೂಜಿಯ ಮೊನೆ ಇಟ್ಟುಕೊಂಡಿರುವ ಹೆಂಗಸು. ಒಂದು ಭಾನುವಾರ ರವಿಕೆ ಅಳತೆ ಕೊಡಲು ಹೋದಾಗ, ಮೇಷ್ಟ್ರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುವಂತೆಯೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತಂತೆ. ಕವಾಯತಿನಲ್ಲಿ ನಕ್ಕನೆಂದು ಒಬ್ಬ ಹುಡುಗನ ಕೆನ್ನೆಗೆ ಬಾರಿಸಿದರು. ಆ ಕಾಲಕ್ಕೆ ಅದೇನು ದೊಡ್ಡ ಮಾತಲ್ಲ, ಯಾರೂ ಕೇಳಲಿಲ್ಲ. ಮರುದಿನ ಮೈದಾನದಲ್ಲಿ ಸೀಟಿ ಊದಲು ಇವರು ಕೈಯೆತ್ತಿದರು, ಅಷ್ಟೇ. ಎರಡನೇ ಸಾಲಿನಲ್ಲಿದ್ದ ಆ ಹುಡುಗ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡ.

"ಮನೆಗೆ ಬಂದು ಊಟ ಬಿಟ್ಟು ಕೂತ್ಕೊಂಡ್ರು" ಎಂದರು ಆಕೆ, ದಾರ ಪೋಣಿಸುತ್ತ. "ಈ ಕೈ ಬೇಡ ಅಂದ್ರು. ಕೈ ಕತ್ತರಿಸೋಕೆ ಆಗಲ್ಲ, ಜೇಬು ಹೊಲಿದು ಕೊಡ್ತೀನಿ ಅಂದೆ. ಇಷ್ಟುದ್ದದ ಜೇಬಿಂದ ಕೈ ಈಚೆ ಬರೋಷ್ಟರಲ್ಲಿ ಎಂಥಾ ಸಿಟ್ಟಾದ್ರೂ ಅರ್ಧ ಇಳಿದಿರುತ್ತೆ. ಅದು ಎಲ್ಲಿಂದ ಹೊರಡುತ್ತೆ ಅಂತ ಗೊತ್ತಾ ಅಂತ ಕೇಳಿದೆ. ಗೊತ್ತಿಲ್ಲ ಅಂದ್ರು. ಹಾಗಾದ್ರೆ ನೋಡ್ಕೊಂಡು ನಂಗೆ ಹೇಳ್ತಾ ಇರಿ ಅಂದೆ. ಹೊಟ್ಟೆಗೆ ಬಂದ್ರೆ ಊಟ ಹಾಕ್ತೀನಿ, ತಲೆಗೆ ಬಂದ್ರೆ ನೀರು ಹಾಕ್ತೀನಿ."

ಮೇಷ್ಟ್ರು ತಲೆ ತಗ್ಗಿಸಿಕೊಂಡು, "ಎರಡು ಸಲ ಹಾಕಿದ್ದಾಳೆ, ನೀರು" ಎಂದರು. ಇಪ್ಪತ್ತೆರಡು ವರ್ಷವಾಯಿತು, ಆಮೇಲೆ ಆ ಕೈ ಯಾವ ಮಗುವಿನ ಮೇಲೂ ಎದ್ದಿಲ್ಲ ಎಂದು ಆಕೆ ಹೇಳಿದಾಗ ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಮರೆತಿಲ್ಲ.

ಈಗ ಪಟಾಕಿಯ ವಿಷಯ. ಅದು ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ನಾವೇ ಇಟ್ಟ ಹೆಸರು. ಹಾಗೆ ಹೆಸರಿಟ್ಟು ಕೈ ತೊಳೆದುಕೊಂಡವರಲ್ಲಿ ಅವಳ ಕ್ಲಾಸ್ ಟೀಚರಾದ ನಾನೇ ಮೊದಲಿಗಳು. ಹಾಜರಿ ಪುಸ್ತಕದಲ್ಲಿ ಹದಿನೇಳನೇ ನಂಬರು. ನಮ್ಮ ಶಾಲೆಯ ವ್ಯಾನ್ ಓಡಿಸುವವರ ಮಗಳು. ಬೆಳಿಗ್ಗೆ ತಣ್ಣಗೆ ಬಂದು ಕೂರುವಳು, ಮೊದಲ ಪಾಠ ಮುಗಿಯುವಷ್ಟರಲ್ಲಿ ಯಾರದೋ ಪುಸ್ತಕ ಕಿಟಕಿಯಾಚೆ, ಯಾರದೋ ಜಡೆ ಇವಳ ಮುಷ್ಟಿಯಲ್ಲಿ. ಕಾರಣ ಕೇಳಿದರೆ ತುಟಿ ಹೊಲಿದುಕೊಂಡ ಹಾಗೆ ನಿಲ್ಲುವಳು. ಕೊನೆಗೊಂದು ದಿನ ಸ್ಟೀಲಿನ ನೀರಿನ ಬಾಟಲಿ ಬೀಸಿ ಮೂರನೇ ಬೆಂಚಿನ ಹುಡುಗನ ಹಣೆಗೆ ಎರಡು ಹೊಲಿಗೆ ಬೀಳುವಂತೆ ಮಾಡಿದಳು. ಅವಳನ್ನು ಶಾಲೆಯಿಂದ ತೆಗೆಯುವುದೇ ಒಳ್ಳೆಯದೆಂದು ದೂರು ಬರೆದುಕೊಟ್ಟವಳು ನಾನು.

ಹೆಡ್‌ಮಿಸ್ಸು ಅಪ್ಪನನ್ನು ಕರೆಸಿದರು. ಆ ಮನುಷ್ಯನಿಗೆ ಮಾತು ತಡವರಿಸುತ್ತಿತ್ತು. ಮೇಜಿನ ಮುಂದೆ ಟೋಪಿ ಹಿಸುಕುತ್ತ ನಿಂತು, "ಕ್ಷ... ಕ್ಷ..." ಎಂದು ಕಷ್ಟಪಡುತ್ತಿರುವಾಗ, "ಕ್ಷಮಿಸಿ ಅಂತೀರಿ, ಗೊತ್ತು" ಎಂದು ಹೆಡ್‌ಮಿಸ್ಸೇ ಆ ಮಾತನ್ನು ಮುಗಿಸಿಕೊಟ್ಟರು. ಮಗಳು ಅವರನ್ನು ದುರುಗುಟ್ಟಿ ನೋಡಿದಳು. ಎಂಥ ದುರಹಂಕಾರ ಎಂದುಕೊಂಡೆ ನಾನು.

"ಇನ್ನೊಂದು ಸಲ ಕೈ ಎತ್ತಿದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ" ಎಂದರು ಹೆಡ್‌ಮಿಸ್ಸು.

ಬಾಗಿಲ ಬಳಿ ಬೂಟು ಕಿರುಗುಟ್ಟಿತು. "ಒಂದು ತಿಂಗಳು ನನಗೆ ಬಿಡಿ ಮೇಡಂ. ಆಮೇಲೂ ಹೀಗೇ ಆದ್ರೆ ಟಿ.ಸಿ. ಜೊತೆಗೆ ನನ್ನ ರಾಜೀನಾಮೆನೂ ತಗೊಳ್ಳಿ" ಎಂದರು ಮೇಷ್ಟ್ರು. ನಿವೃತ್ತಿಗೆ ಮೂರು ವರ್ಷವಿದ್ದ ಮನುಷ್ಯ ಆಡುವ ಮಾತೇ ಅದು?

ಹುಡುಗಿ ದಿನವೂ ಆಟದ ಕೋಣೆಗೆ ಹೋದಳು, ಹಗ್ಗದ ಗಂಟು ಬಿಡಿಸಿದಳು, ಚೆಂಡಿಗೆ ಗಾಳಿ ಹೊಡೆದಳು. "ಎಲ್ಲಿದೆ ಮರಿ?" ಎಂದರೆ ಇನ್ನೊಂದು ಗಂಟಿಗೆ ಕೈ ಹಾಕುತ್ತಿದ್ದಳು. ಮೇಷ್ಟ್ರು ಒತ್ತಾಯಿಸಲಿಲ್ಲ, ತಮ್ಮದನ್ನೇ ಹೇಳಿಕೊಳ್ಳುತ್ತಿದ್ದರು. "ಈ ಪಂಪು ನೋಡು, ಕೆಟ್ಟು ಕೂತಿದೆ. ನಂಗೆ ಹಿಮ್ಮಡಿಗೆ ಬಂತು." "ಈಗ ಮೊಣಕಾಲು." ಹದಿನಾಲ್ಕನೇ ದಿನವೋ ಏನೋ, ಅವಳು ಹಗ್ಗದಿಂದ ಕಣ್ಣೆತ್ತದೆ, "ನಂದು ಕಾಲಿಂದ ಬರಲ್ಲ ಸಾರ್, ಕಿವಿಯಿಂದ ಬರುತ್ತೆ" ಎಂದಳು.

ಕಿವಿ! ಇಪ್ಪತ್ತೆರಡು ವರ್ಷಗಳಲ್ಲಿ ಯಾವ ಮಗುವೂ ಆ ಜಾಗ ಹೇಳಿರಲಿಲ್ಲವಂತೆ. ಸ್ಟಾಫ್ ರೂಮಿಗೆ ಬಂದು, "ಮಿಸ್, ನಾಳೆ ಬೆಳಿಗ್ಗೆ ನಿಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂರ್ತೀನಿ. ಅವಳ ಕಿವಿಗೆ ಏನು ಬೀಳುತ್ತೋ ನಾನೂ ಕೇಳಬೇಕು" ಎಂದರು.

ಮರುದಿನ ಹಾಜರಿ ಕೂಗುತ್ತಿದ್ದೆ. ಕಣ್ಣು ಪುಸ್ತಕದ ಮೇಲೆ, ಪೆನ್ನು ಗೆರೆಯ ಮೇಲೆ, ಪ್ರತಿದಿನದಂತೆ. "ಹದಿನೇಳು" ಎಂದೆ. "ಪ್ರೆಸೆಂಟ್ ಮಿಸ್" ಎಂದಳು ಹುಡುಗಿ. ನಾನು ಹದಿನೆಂಟಕ್ಕೆ ಹೋಗುವ ಮೊದಲು ಹಿಂದಿನಿಂದ, "ಒಂದ್ನಿಮಿಷ ನಿಲ್ಲಿ ಮಿಸ್" ಎಂಬ ದನಿ ಬಂತು. ನಿಂತೆ. ಆಗ ಕೇಳಿಸಿತು. ಮೂರನೇ ಬೆಂಚಿನಿಂದ, ತುಟಿ ಅಲುಗದ ಹಾಗೆ, ರೂಢಿಯಾಗಿ ಹೋದ ಆಟದ ಹಾಗೆ, "ಪ್ರೆ-ಪ್ರೆ-ಪ್ರೆ-ಪ್ರೆಸೆಂಟ್, ವ್ಯಾ-ವ್ಯಾ-ವ್ಯಾನ್ ಬಂತು." ಅವಳ ಅಪ್ಪನ ದನಿಯ ಅಣಕ. ಸುತ್ತ ಕಿಸಕ್ಕನೆ ನಗು. ಎಂಟು ತಿಂಗಳು, ದಿನಕ್ಕೊಂದು ಸಲ, ನನ್ನ ಮೂಗಿನ ಕೆಳಗೇ ಇದು ನಡೆದಿತ್ತು. ಅವಳು ಅಪ್ಪನ ಮಾನ ಕಾಯುವುದಕ್ಕಾಗಿ ಆ ಮಾತನ್ನು ಯಾರ ಮುಂದೆಯೂ ಎತ್ತದೆ ಬಾಯಿ ಮುಚ್ಚಿಕೊಂಡಿದ್ದಳು. ನಾನು ಹಾಜರಿ ಪುಸ್ತಕ ಮುಚ್ಚಿದೆ.

ಮೇಷ್ಟ್ರು ಎದ್ದು ನಿಂತರು. ಬೂಟಿನ ಸದ್ದು ಮೂರನೇ ಬೆಂಚಿನ ಕಡೆ ಬಂತು. ಹಿಮ್ಮಡಿ ಎನ್ನಲಿಲ್ಲ, ಮೊಣಕಾಲು ಎನ್ನಲಿಲ್ಲ, ಸೊಂಟ ಎನ್ನಲಿಲ್ಲ. ಅವರು ಪ್ರಕಟಣೆಯಿಲ್ಲದೆ ಸಿಟ್ಟಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಮುಖ ರಕ್ತವೇರಿ ಕಪ್ಪಗಾಗಿತ್ತು. ಬಲಗೈ ಆ ಆಳದ ಜೇಬಿನಿಂದ ಇಷ್ಟಿಷ್ಟಾಗಿ ಮೇಲೆ ಬಂತು, ಪೂರ್ತಿ ಹೊರಗೆ ಬಂತು, ಹೆಗಲೆತ್ತರಕ್ಕೆ ಎದ್ದಿತು. ಹಣೆಯ ಮೇಲೆ ಇನ್ನೂ ಹೊಲಿಗೆಯ ಗುರುತಿದ್ದ ಹುಡುಗ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡ.

ಮಾತಾಡಿದವಳು ಹದಿನೇಳನೇ ನಂಬರು. "ಸಾರ್" ಎಂದಳು, ಮೆಲ್ಲಗೆ, ಆಟದ ಕೋಣೆಯಲ್ಲಿ ಅವರು ಕೇಳುತ್ತಿದ್ದ ಅದೇ ದನಿಯಲ್ಲಿ. "ಎಲ್ಲಿದೆ ಸಾರ್?"

ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದರು.

"ಕೈಗೆ ಬಂದಿದೆ ಮರಿ" ಎಂದರು.

"ಒಳಗೆ ಹಾಕ್ಕೊಳ್ಳಿ ಸಾರ್."

ಹಾಕಿಕೊಂಡರು. ಆಮೇಲೆ ಆ ಹುಡುಗನ ಪಕ್ಕದಲ್ಲೇ ಬೆಂಚಿನ ಮೇಲೆ ಕುಸಿದು ಕೂತು, "ನಿಂದು ಎಲ್ಲಿದೆಯಪ್ಪಾ?" ಎಂದು ಕೇಳಿದರು. ಅವನು ಬಿಕ್ಕುತ್ತ, "ನಂದು ಸಿಟ್ಟಲ್ಲ ಸಾರ್, ಹೆದರಿಕೆ. ಹೊಟ್ಟೇಲಿದೆ" ಎಂದ. ಅವನನ್ನೂ ಆಟದ ಕೋಣೆಗೆ ಕರೆದುಕೊಂಡು ಹೋದರು. ಹಗ್ಗದ ಗೋಜಲಿನ ಒಂದು ತುದಿ ಅವನಿಗೆ, ಇನ್ನೊಂದು ತುದಿ ಅವಳಿಗೆ. ಮೂರನೇ ದಿನ ಆ ಹುಡುಗ ಯಾರೂ ಹೇಳದೆಯೇ ವ್ಯಾನಿನ ಕಿಟಕಿಯ ಬಳಿ ಹೋಗಿ ನಿಂತು, ತಾನು ಮಾಡಿದ್ದನ್ನು ಒಪ್ಪಿಕೊಂಡ. ಅವಳ ಅಪ್ಪ ಉತ್ತರಿಸಲು ತೆಗೆದುಕೊಂಡಷ್ಟು ಹೊತ್ತೂ ಅವನು ಅಲ್ಲೇ ನಿಂತಿದ್ದ, ನಡುವೆ ಬಾಯಿ ಹಾಕಲಿಲ್ಲ.

ನಾನು ದೂರನ್ನು ವಾಪಸು ಪಡೆದೆ. ಮೇಷ್ಟ್ರು ಮಾತ್ರ ಆ ಹಾಜರಿಯ ದಿನವೇ ಹೆಡ್‌ಮಿಸ್ಸಿನ ಮುಂದೆ ನಿಂತು, ತಮ್ಮ ಕೈ ಎದ್ದ ಸಂಗತಿಯನ್ನು ಒಂದಕ್ಷರ ಬಿಡದೆ ತಾವೇ ಹೇಳಿದರು. ಅವರು ಮುಚ್ಚಿಟ್ಟಿದ್ದರೆ ನಾನಂತೂ ಬಾಯಿಬಿಡುತ್ತಿರಲಿಲ್ಲ. "ಇಪ್ಪತ್ತೆರಡು ವರ್ಷದ ಲೆಕ್ಕ ಇವತ್ತು ಮುರಿದು ಹೋಗೋದಿತ್ತು ಮೇಡಂ. ಒಂಬತ್ತು ವರ್ಷದ ಮಗು ಹಿಡಿದು ನಿಲ್ಲಿಸ್ತು" ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು, ಎದೆ ಮಾತ್ರ ಕವಾಯತಿನಲ್ಲಿ ನಿಂತಂತೆ ಉಬ್ಬಿತ್ತು. ತಾವು ಸೋತ ಕಥೆಯನ್ನು ಅಷ್ಟು ಹೆಮ್ಮೆಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ಹದಿನೇಳು ಎಂದ ಮೇಲೆ ನಾನೂ ಒಂದು ಗಳಿಗೆ ಪೆನ್ನು ಎತ್ತಿ ಕಿವಿಗೊಡುತ್ತೇನೆ. ಅವಳನ್ನು ಪಟಾಕಿ ಎಂದು ಕರೆಯುವುದು ಬಿಟ್ಟಿದ್ದೇನೆ.

ಹುಟ್ಟಾ ಶಾಂತಸ್ವಭಾವದವರನ್ನು ನಾವು ದೊಡ್ಡವರೆಂದು ಗೌರವಿಸುತ್ತೇವೆ, ಗೌರವಿಸೋಣ. ಆದರೆ ಕುದಿಯುವ ಮಗುವಿಗೆ ಅವರಿಂದ ಕಲಿಯುವಂಥದ್ದು ಕಡಿಮೆ. ಅವರಿಗೆ ಆ ದಾರಿಯೇ ಗೊತ್ತಿರುವುದಿಲ್ಲ. ದಾರಿ ಗೊತ್ತಿರುವವರು ಬೇರೆಯೇ ಒಂದು ಜಾತಿಯ ಜನ: ತಮ್ಮೊಳಗಿನ ಬೆಂಕಿ ಆರಿದೆಯೆಂದು ಎಂದೂ ಸುಳ್ಳು ಹೇಳದವರು, ಅದು ಇಂದು ಎಲ್ಲಿಯವರೆಗೆ ಬಂದಿದೆಯೆಂದು ಮಕ್ಕಳ ಎದುರಿಗೇ ಒಪ್ಪಿಕೊಳ್ಳುವವರು, ತಮ್ಮ ಕೈಯನ್ನು ತಾವೇ ನಂಬದೆ ಬದುಕಿಡೀ ಕಾವಲು ಕಾಯುವವರು. ಆ ಕೈಯನ್ನು ಮಕ್ಕಳು ನಂಬುತ್ತಾರೆ. ಇಂದು ಸಂಜೆಯೂ ಶಾಲೆ ಬಿಟ್ಟಾಗ ನೋಡಿದೆ: ರಸ್ತೆಯಂಚಿನಲ್ಲಿ ಬೂದು ಕೋಟು ನಿಂತಿತ್ತು, ಇಬ್ಬರು ಪುಟ್ಟ ಮಕ್ಕಳು ಅತ್ತೊಬ್ಬರು ಇತ್ತೊಬ್ಬರು ಆ ಜೇಬುಗಳೊಳಗೆ ಹೆಗಲವರೆಗೆ ತೋಳಿಳಿಸಿ, ಅವಿತುಕೊಂಡ ಕೈಗಳನ್ನು ಹುಡುಕಿ ಹಿಡಿದುಕೊಂಡು, ರಸ್ತೆ ದಾಟುತ್ತಿದ್ದರು.