ಎಡಮಗ್ಗುಲು

“ತಲೆ ಕಡೆಯವರು ಎತ್ತಿ, ಇನ್ನೂ ಎತ್ತಿ! ಕಾಲಿನ ಕಡೆ ತಡೀರಪ್ಪ, ಗೋಡೆಗೆ ತಗಲುತ್ತೆ.”

ಊರಿನ ಅರ್ಧಕ್ಕರ್ಧ ಲಿಫ್ಟು ರಿಪೇರಿ ಮಾಡಿದ ಮನುಷ್ಯನನ್ನು ನಾಲ್ಕು ಜನ ಮೆಟ್ಟಿಲ ಮೇಲೆ ಇಳಿಸುತ್ತಿದ್ದರು. ಅವನದೇ ಕಟ್ಟಡದ ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಸಲಿಲ್ಲ, ಏನು ಮಾಡೋದು!

“ಬದುಕಿದ್ದಿದ್ರೆ ಇದನ್ನ ಕಟ್ಟಿದೋನಿಗೆ ಹಿಡಿಶಾಪ ಹಾಕ್ತಿದ್ದ,” ಅಂದ ಮುಂದೆ ಹೊತ್ತಿದ್ದ ಗೆಳೆಯ, ಏದುಸಿರು ಬಿಡುತ್ತಾ.

ಸತ್ತವನ ಅಕ್ಕ ಹಿಂದೆಯೇ ಬರುತ್ತಿದ್ದಳು, ಅವಳ ಬಾಯಿಗೆ ಬೀಗ ಇರಲಿಲ್ಲ.

“ಇದ್ದೋಳು ಒಬ್ಬಳೇ ಮಗಳು. ಎರಡು ಕಿಡ್ನಿಲಿ ಒಂದು ಕೊಟ್ಟಿದ್ರೆ ಇವಳ ಗಂಟೇನು ಹೋಗ್ತಿತ್ತು? ನನ್ನ ತಮ್ಮ ಆ ಡಯಾಲಿಸಿಸ್ ಮೆಷಿನ್ನಿಗೆ ಕಟ್ಟಿಸ್ಕೊಂಡು ಕಟ್ಟಿಸ್ಕೊಂಡೇ ನಂಜಾಗಿ ಹೋದ.”

ಮಗಳು ಗಕ್ಕನೆ ತಿರುಗಿದಳು. “ಕೊಡ್ತೀನಿ ಅಂತ ಕಾಲು ಹಿಡ್ಕೊಂಡಿದ್ದೆ ಅತ್ತೆ! ಅಪ್ಪನ ಹಾರ್ಟ್ ವೀಕ್ ಇತ್ತು. ಆಪರೇಷನ್ ತಡೀತಿರಲಿಲ್ಲ.”

“ಯಾರು ಹೇಳಿದ್ದು?”

“ಅಪ್ಪಾನೇ.”

“ಸರಿ ಹೋಯ್ತು. ಅವನೀಗ ಎದ್ದು ಬಂದು ಸಾಕ್ಷಿ ಹೇಳ್ತಾನಾ?”

ಹೊತ್ತವರು ಮೆಟ್ಟಿಲ ತಿರುವಿನಲ್ಲಿ ನಿಂತೇಬಿಟ್ಟರು. ಅಷ್ಟರಲ್ಲಿ ಕೊನೇ ಸಲ ಮುಖ ನೋಡಿ ಹೋಗಲು ಕೆಳಗಿನಿಂದ ಡಾಕ್ಟರಮ್ಮ ಹತ್ತಿ ಬಂದರು. ಡಯಾಲಿಸಿಸ್ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಸ್ಕ್ಯಾನ್ ಮೆಷಿನ್ನು ತಳ್ಳಿಕೊಂಡು ಹೋಗಿ ರೋಗಿಗಳ ಹೃದಯ ನೋಡುತ್ತಿದ್ದವರು ಅವರೇ. ಮಗಳಿಗೆ ಹೋದ ಜೀವ ಬಂದಂತಾಯಿತು.

“ಅಗೋ, ಅವರನ್ನೇ ಕೇಳಿ! ಡಾಕ್ಟ್ರೇ, ಇವರಿಗೆ ಹೇಳಿ. ಅಪ್ಪನ ಹಾರ್ಟ್ ವೀಕ್ ಇತ್ತು ಅಲ್ವಾ?”

*

“ಎಡಮಗ್ಗುಲಿಗೆ ತಿರುಗಿ ಯಜಮಾನ್ರೇ.”

ಅವತ್ತು ವಾರ್ಡಿನಲ್ಲಿ, ಕೈಯ ಡಯಾಲಿಸಿಸ್ ಸೂಜಿ ಅಲುಗದ ಹಾಗೆ ಅವನು ತಿರುಗಿದ. ಡಾಕ್ಟರಮ್ಮ ಜೆಲ್ಲು ಹಚ್ಚಿ, ಪಕ್ಕೆಲುಬಿನ ಸಂದಿಗೆ ಸ್ಕ್ಯಾನಿನ ಹಿಡಿಕೆ ಒತ್ತಿದರು.

“ಅಯ್ಯಯ್ಯಪ್ಪಾ! ಫ್ರಿಜ್ಜಲ್ಲಿ ಇಟ್ಟಿದ್ರಾ ಇದನ್ನ?”

ಪರದೆಯ ಮೇಲೆ ಹೃದಯ ಗಟ್ಟಿಯಾಗಿ ಹಿಂಡುತ್ತಿತ್ತು. ಸುತ್ತ ನೀರು ತುಂಬಿರಲಿಲ್ಲ.

“ಹಾರ್ಟ್ ಚೆನ್ನಾಗಿದೆ. ಮಗಳ ಕಿಡ್ನಿ ಹಾಕಿಸ್ಕೊಳ್ಳೋಕೆ ಇದರಿಂದ ಏನೂ ಅಡ್ಡಿಯಿಲ್ಲ.”

ಖುಷಿಪಡುವ ಬದಲು ಅವನ ಮುಖ ಸಪ್ಪಗಾಯಿತು. “ಅವಳು ಹೊರಗೇ ನಿಂತಿದ್ದಾಳೆ. ಇದನ್ನ ಮಾತ್ರ ಹೇಳ್ಬೇಡಿ.”

“ಯಾಕೆ?”

“ಇವಳಮ್ಮ ಆಪರೇಷನ್ ಟೇಬಲ್ ಮೇಲಿಂದ ಎದ್ದು ಬರಲೇ ಇಲ್ಲ. ಇವಳನ್ನೂ ಅದರ ಮೇಲೆ ಮಲಗಿಸಿ ನಾನು ಬದುಕಬೇಕಾ?”

“ನನ್ನ ಕೈಲಿ ಸುಳ್ಳು ಹೇಳೋಕೆ ಆಗಲ್ಲ.”

“ಸುಳ್ಳು ನಾನು ಹೇಳ್ತೀನಿ. ನೀವು ಸುಮ್ಮನಿದ್ರೆ ಸಾಕು ತಾಯಿ.”

ರೋಗಿಯೇ ಬೇಡ ಅಂದ ಮೇಲೆ ಮನೆಯವರಿಗೆ ಹೇಳುವ ಹಾಗಿರಲಿಲ್ಲ. ಡಾಕ್ಟರಮ್ಮ ಬೇಜಾರಿನಲ್ಲೇ ತಲೆಯಾಡಿಸಿ ಮೆಷಿನ್ನನ್ನು ಪಕ್ಕದ ಹಾಸಿಗೆಗೆ ತಳ್ಳಿಕೊಂಡು ಹೋದರು.

*

“ಡಾಕ್ಟ್ರೇ?” ಮಗಳು ಮತ್ತೆ ಕೇಳಿದಳು.

ಹೂಂ ಅಂದುಬಿಟ್ಟರೆ ಆಯಿತು, ಹುಡುಗಿಯ ಮಾನ ಉಳಿಯುತ್ತದೆ, ಕೆಳಗೆ ಕಾಯುತ್ತಿರುವ ಶವದ ಗಾಡಿ ಹೊರಡುತ್ತದೆ. ಆದರೆ ಸುಳ್ಳು ಹೇಳಲಾಗದ ಡಾಕ್ಟರಮ್ಮ ಸ್ಟ್ರೆಚರಿನ ಮೇಲಿನ ಮುಖವನ್ನೇ ನೋಡಿದರು.

“ನೋಡಿದ್ರಾ?” ಅಕ್ಕ ಸುತ್ತಲಿದ್ದವರ ಕಡೆ ತಿರುಗಿದಳು. “ಅವರ ಬಾಯಲ್ಲಿ ಮಾತೇ ಹೊರಡ್ತಿಲ್ಲ. ವೀಕೂ ಇಲ್ಲ, ಮಣ್ಣೂ ಇಲ್ಲ. ಎಲ್ಲಾ ಇವಳು ಕಟ್ಟಿದ ಕತೆ!”

“ಕತೆ ಕಟ್ಟಿದ್ದು ಇವರಲ್ಲ,” ಅಂದರು ಡಾಕ್ಟರಮ್ಮ. ಅವರ ಕೈ ಸ್ಟ್ರೆಚರಿನ ಕಡೆ ಹೋಯಿತು. “ಅವರು. ಅವರ ಹಾರ್ಟ್ ಚೆನ್ನಾಗಿತ್ತು. ಮಗಳ ಮೈಗೆ ಕತ್ತರಿ ತಾಗಿಸೋಕೆ ಅವರಿಗೆ ಮನಸ್ಸಿರಲಿಲ್ಲ.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದಳು.

“ಚೆನ್ನಾಗಿತ್ತಾ?” ಮಗಳು ಮೆಲ್ಲಗೆ ಕೇಳಿದಳು. ಯಾರನ್ನು ಕೇಳಿದಳೋ! ಇಳಿದು ಬಂದು ಅಪ್ಪನ ಪಕ್ಕ ನಿಂತಳು. ಮುಖ ನೋಡಿದಳು. ಆಮೇಲೆ ಮುಷ್ಟಿ ಬಿಗಿದು ಅವನ ಎದೆಯ ಎಡಭಾಗಕ್ಕೆ ಗುದ್ದಿದಳು.

“ಸುಳ್ಳುಗಾರ! ಸುಳ್ಳುಗಾರ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಪ್ಪಾ!”

ಒಂದೊಂದು ಗುದ್ದೂ ಸ್ಟ್ರೆಚರಿನ ಹಿಡಿಗಳಿಗೆ ಇಳಿದು ನಾಲ್ವರ ಅಂಗೈಗೂ ತಾಕುತ್ತಿತ್ತು. ಅವಳನ್ನು ತಡೆಯಲು ಕೈ ಬಿಡುವ ಹಾಗಿರಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನಿಂತರು.