ಒರೆಸಿದ ತೋಟ

ಸೂತಕ ಕಳೆಯುವ ದಿನ ಮನೆಯಲ್ಲಿ ಒರೆಸದ ವಸ್ತು ಒಂದೂ ಉಳಿಯಬಾರದು ಎಂದು ಅತ್ತೆಯಿಂದ ಕಲಿತವಳು ನಾನು. ಮಗಳು ಸಾಧನಾ ಡೆಂಗಿ ಜ್ವರದಲ್ಲಿ ತೀರಿಕೊಂಡ ಮೇಲೆ ಆ ದಿನವೂ ಬಂತು. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಅವಳ ಕೋಣೆಗೆ ಹೋದೆ. ಕಿಟಕಿ, ಮೇಜು, ಕೊನೆಗೆ ಸ್ಟ್ಯಾಂಡಿನ ಮೇಲಿದ್ದ ಅವಳ ಚಿತ್ರ. ನೋಡದೆಯೇ ಎರಡು ಸಲ ಬಲವಾಗಿ ತಿಕ್ಕಿದೆ. ಬಟ್ಟೆ ಹಸಿರಾಯಿತು, ಚಿತ್ರ ಕಲಸಿಹೋಯಿತು.

ದಪ್ಪಕ್ಕೆ ಹಚ್ಚಿದ ಎಣ್ಣೆ ಬಣ್ಣ ಆಟಿ ತಿಂಗಳ ಜಡಿಮಳೆಯಲ್ಲಿ ತಿಂಗಳಾದರೂ ಒಣಗುವುದಿಲ್ಲವಂತೆ. ಯಾರಿಗೆ ಗೊತ್ತಿತ್ತು? ಟರ್ಪೆಂಟೈನ್ ವಾಸನೆಗೆ ಮೂಗು ಮುಚ್ಚಿಕೊಂಡು, ನಾನು ಆ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದೆನೇ ಹೊರತು ಒಳಗೆ ಇಣುಕಿದವಳಲ್ಲ.

"ಮಿಂಚಿ ಹೋದದ್ದಕ್ಕೆ ಚಿಂತೆ ಮಾಡಿ ಫಲ ಇಲ್ಲ ಮಾರಾಯ್ತಿ," ಎಂದರು ನನ್ನ ಯಜಮಾನರು. ಇಂಥ ಮಾತು ಬೇರೆಯವರ ಮನೆಯಲ್ಲಿ ಹೇಳಲು ಚೆನ್ನ. ನನಗೆ ಹಠ ಬಂತು. ಅದು ನೋಡಿ ಬಿಡಿಸಿದ ಚಿತ್ರ ಎಂದು ಅವಳೇ ಹೇಳಿ ಗೊತ್ತಿತ್ತು, ಎಂದೋ ಫ್ರಾನ್ಸಿನವನೊಬ್ಬ ಬಿಡಿಸಿದ ಹೂದೋಟದ ನಕಲು. ಅದನ್ನೇ ನಾನೂ ನಕಲು ಮಾಡಿದರೆ ಮಗಳ ಚಿತ್ರ ಮರಳಿ ಬಂತಲ್ಲ!

ಶಿರ್ತಾಡಿಯಲ್ಲಿ ಬಸ್ಸು ಹತ್ತಿ ಮೂಡುಬಿದಿರೆಗೆ, ಅವಳಿಗೆ ಚಿತ್ರ ಕಲಿಸಿದ ಸಾಬಿತ್‌ನ ಹತ್ತಿರ ಹೋದೆ. ಅವನು ಅದೇ ತೋಟದ ಪ್ರಿಂಟನ್ನು ಮುಂದಿಟ್ಟ. ನಾನು ರಂಗೋಲಿಯ ಕೈಯವಳು. ಮೊದಲು ಗೆರೆ ಎಳೆದು, ಒಂದೊಂದು ಹೂವಿಗೂ ಲೆಕ್ಕ ಹಾಕಿ ಐದು ಎಸಳು ಬಿಡಿಸಿದೆ.

"ಗೆರೆ ಬೇಡ ಅಮ್ಮ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಹೂವು ಕಾಣುವುದಿಲ್ಲ, ಬೆಳಕು ಮಾತ್ರ ಉಂಟು. ಅದನ್ನು ಹಾಕಿ," ಎನ್ನುತ್ತಿದ್ದ.

ಬೈದುಕೊಂಡೇ ಕಲಿತೆ. ನೆರಳಿಗೆ ಕಪ್ಪು ಹಾಕಬಾರದು, ನೇರಳೆ ಹಾಕಬೇಕು ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಜೈನರಾದ ನಮಗೆ ಹೊತ್ತು ಮುಳುಗುವ ಮೊದಲು ಊಟವಾಗಬೇಕಾದ್ದರಿಂದ ನಾಲ್ಕರ ಬಸ್ಸಿಗೆ ಓಡುತ್ತಿದ್ದೆ. ಐದು ತಿಂಗಳಿಗೆ ಚಿತ್ರ ಮುಗಿಯಿತು.

"ಪ್ರಿಂಟಿನ ಹಾಗೆಯೇ ಬಂದಿದೆ," ಎಂದ ಸಾಬಿತ್.

"ಸಾಧನಾಳದ್ದೂ ಹೀಗೆಯೇ ಇತ್ತಲ್ಲ?"

ಅವನು ಬ್ರಷ್ ಒರೆಸುತ್ತಾ ನಿಂತ. "ಹೇಳುವುದು ಬೇಡ ಅಂತ ಇದ್ದೆ. ಅವಳದ್ದು ಬೇರೆ ಇತ್ತು ಅಮ್ಮ. ತೋಟದ ಒಳಗೆ ನಿಮ್ಮನ್ನು ಬಿಡಿಸಿದ್ದಳು. ನಕಲು ಅಂದರೆ ನಕಲು, ಹೀಗೆಲ್ಲ ಸೇರಿಸಬಾರದು ಅಂತ ನಾನು ಜೋರು ಮಾಡಿದ್ದೆ. 'ಅಮ್ಮ ಇಲ್ಲದ ತೋಟ ಯಾರಿಗೆ ಬೇಕು ಸರ್' ಅಂತ ನಗಾಡಿದಳು."

"ಫೋಟೋ?"

"ಮುಗಿದ ಮೇಲೆ ತೆಗೆಯುವ ಅಂತ ಇದ್ದೆವು."

ಮಗಳ ಕಣ್ಣಿಗೆ ನಾನು ಹೇಗಿದ್ದೆ ಎಂದು ಇನ್ನು ಯಾರು ಹೇಳಬೇಕು? ಸಿಟ್ಟಿನವಳಾಗಿದ್ದೆನೋ, ನಗುತ್ತಿದ್ದೆನೋ. ತಿಳಿಯಲು ಇದ್ದ ಒಂದೇ ದಾರಿಯನ್ನು ನಾನೇ ತಿಕ್ಕಿ ತೊಳೆದಿದ್ದೆ.

ಬ್ರಷ್ ಎತ್ತಿಕೊಂಡೆ. "ನನ್ನನ್ನು ಎಲ್ಲಿ ನಿಲ್ಲಿಸಿದ್ದಳು? ತೋರಿಸು ಮಗ."

ಸಾಬಿತ್ ಗುಲಾಬಿಗಳ ಹತ್ತಿರ ಬೆರಳಿಟ್ಟ. ಆಮೇಲೆ ದಾರಿಯ ಕಡೆಗೆ ಸರಿಸಿದ. ಇನ್ನೂ ಸ್ವಲ್ಪ ಹಿಂದೆ ತಂದ. ಕೊನೆಗೆ ಕೈ ಇಳಿಸಿದ.

"ಸರಿಯಾಗಿ ನೆನಪಿಲ್ಲ ಅಮ್ಮ," ಎಂದ.