ರಾಣಿಗೆ ಯಾರು ಹೇಳಿದರು

ಊರಿನಿಂದ ಯಾರೇ ಬರಲಿ, ಅವರಿಗೆ ಇಂಗ್ಲಿಷ್ ರಾಜರ ಹಳೆಯ ಕೋಟೆ ತೋರಿಸುವುದು ನನ್ನ ಪಾಲಿನ ಕೆಲಸ. ನಮ್ಮ ಮನೆಯಿರುವ ಈಸ್ಟ್ ಹ್ಯಾಮ್‌ನಲ್ಲಿ ಟ್ಯೂಬ್ ರೈಲು ಹತ್ತಿ ಟವರ್ ಹಿಲ್‌ನಲ್ಲಿ ಇಳಿದರಾಯಿತು. ಲೈಬ್ರರಿಯ ಪುಸ್ತಕ ಓದಿ ಓದಿ ಆ ಕೋಟೆಯ ಒಂಬೈನೂರು ವರ್ಷದ ಕಥೆ ನನಗೆ ಬಾಯಿಪಾಠವಾಗಿತ್ತು. ಆದರೆ ತೊಂಬತ್ತೇಳರ ಆ ಶನಿವಾರ ನೀಲವ್ವನವರನ್ನು ಕರೆದುಕೊಂಡು ಹೋದದ್ದು ಕೋಟೆ ತೋರಿಸಲಿಕ್ಕಲ್ಲ, ನಮ್ಮ ಮನೆಯ ಫೋನಿನಿಂದ ದೂರ ಇಡಲಿಕ್ಕೆ.

ಅವರ ಒಬ್ಬನೇ ಮಗ ಅಭಿಜಿತ್ ನನ್ನ ಗಂಡ ಸತ್ಯಪ್ರಕಾಶರ ಕೈಕೆಳಗೆ ಡಾಕ್ಟರಾಗಿದ್ದ. ಮಗನ ಜೊತೆ ಮೂರು ತಿಂಗಳು ಇರಲೆಂದು ತಾಯಿ ಧಾರವಾಡದಿಂದ ಗುರುವಾರ ಬಂದಿಳಿಯುವವರಿದ್ದರು. ಸೋಮವಾರವೇ ಅಭಿಯ ಕಾರು ಲಾರಿಗೆ ಬಡಿದು ಅವನು ಅಲ್ಲೇ ತೀರಿಕೊಂಡ. ಧಾರವಾಡದಲ್ಲಿದ್ದ ನೀಲವ್ವನವರ ಮೈದುನ ಶೇಖರಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅತ್ತಿಗಿಗೆ ಗೊತ್ತಾದ್ರ ದಾರ್ಯಾಗ ಜೀವಾ ಬಿಡತಾಳ್ರಿ. ವೀಸಾ ತಗೊಂಡು ರವಿವಾರ ನಾ ಬರತೀನಿ, ನಾನ ಹೇಳತೀನಿ. ಅಲ್ಲೀತನಕಾ ಹೊಟ್ಟಿತುಂಬ ಉಣಿಸಿ ಇಟಗೋರಿ."

ಹಾಗಾಗಿ ನಾವು, ಸಣ್ಣ ಆಕ್ಸಿಡೆಂಟ್, ಐಸಿಯುನಲ್ಲಿದ್ದಾನೆ, ಒಳಗೆ ಯಾರನ್ನೂ ಬಿಡುವುದಿಲ್ಲ ಎಂದೆವು. ಅನುಮಾನ ಬಾರದಿರಲೆಂದು ನಾನು ಶುಕ್ರವಾರ ಶ್ಯಾವಿಗೆ ಪಾಯಸ ಕೂಡ ಮಾಡಿದೆ. ಫೋನ್ ಬಡಿದಾಗಲೆಲ್ಲ ಓಡಿಹೋಗಿ ರಾಂಗ್ ನಂಬರ್ ಎಂದು ಇಡುತ್ತಿದ್ದೆ.

"ಎಷ್ಟ ರಾಂಗ್ ನಂಬರ್ ಬರತಾವ ತಂಗಿ ನಿಮ್ಮನ್ಯಾಗ!" ಎಂದರು ನೀಲವ್ವ.

ಅದಕ್ಕೇ ಕೋಟೆ. ಅದರ ವಿಷಯ ಅಭಿ ಕಾಗದದಲ್ಲಿ ಬರೆದಿದ್ದನಂತೆ, ನೀಲವ್ವ ಬರಲು ಒಪ್ಪಿಕೊಂಡರು. ಹೆಗಲ ಚೀಲದಲ್ಲಿ ಅವನಿಗೆಂದು ತಂದ ಶೇಂಗಾ ಚಟ್ನಿಯ ಡಬ್ಬಿ.

"ಈ ದೊಡ್ಡ ಕಾಗೆಗಳು ಹಾರಿಹೋದರೆ ರಾಜ್ಯ ಬೀಳುತ್ತಂತೆ ಅಮ್ಮಾ. ಅದಕ್ಕೇ ರೆಕ್ಕೆ ಕತ್ತರಿಸ್ತಾರೆ" ಎಂದೆ, ಕೋಟೆಯ ಅಂಗಳದಲ್ಲಿ.

"ಅಯ್ಯ, ಕಾಗಿ ನಂಬಿ ರಾಜ್ಯಾ ಆಳತಾರೇನ ಇವರು?" ನಕ್ಕರು. ಬಂದಮೇಲೆ ಮೊದಲ ಸಲ.

ಆ ನಗು ಕಂಡು ನನಗೆ ಹುರುಪು ಬಂತು. ರೂಢಿಯಾದ ಬಾಯಿ ತನ್ನಷ್ಟಕ್ಕೆ ಓಡಿತು. ಬಿಳಿ ಗೋಪುರದ ಮೆಟ್ಟಿಲ ಹತ್ತಿರ ನಿಂತು ಹೇಳತೊಡಗಿದ್ದೆ: ಅಪ್ಪ ಸತ್ತಮೇಲೆ ಹನ್ನೆರಡು ವರ್ಷದ ಎಳೆಯ ರಾಜನನ್ನೂ ಅವನ ತಮ್ಮನನ್ನೂ ಚಿಕ್ಕಪ್ಪ ಇಲ್ಲಿ ಇರಿಸಿದ. ಮೊದಲು ತೋಟದಲ್ಲಿ ಆಡುವುದು ಕಾಣುತ್ತಿತ್ತು, ಆಮೇಲೆ ಕಿಟಕಿಯಲ್ಲಿ, ಆಮೇಲೆ ಎಲ್ಲೂ ಇಲ್ಲ. ಇನ್ನೂರು ವರ್ಷದ ನಂತರ ಇಲ್ಲಿ ಅಗೆದಾಗ ಪೆಟ್ಟಿಗೆಯಲ್ಲಿ ಎರಡು ಮಕ್ಕಳ ಎಲುಬು ಸಿಕ್ಕವು.

ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ಹಡದಾಕಿ ಎಲ್ಲಿದ್ಲು?"

"ತಾಯಿ ರಾಣಿ ಇದೇ ಊರಲ್ಲಿದ್ದಳು ಅಮ್ಮಾ. ಎರಡು ಮೂರು ಮೈಲಿ ಆಚೆ, ಆ ಚಿಕ್ಕಪ್ಪನಿಗೆ ಹೆದರಿ ಚರ್ಚಿನ ಆಶ್ರಯದಲ್ಲಿ."

"ಮತ್ತ ಆಕಿಗೆ ಯಾರು ಹೇಳಿದ್ರು?"

"ಅದು ಪುಸ್ತಕದಲ್ಲಿ ಇಲ್ಲ."

"ಎಲ್ಲಾರಿಗೂ ಗೊತ್ತಿದ್ದಿರತೈತಿ. ಆಕಿ ಒಬ್ಬಾಕಿನ್ನ ಬಿಟ್ಟು." ನೀಲವ್ವ ನನ್ನ ಮುಖವನ್ನೇ ನೋಡಿದರು. "ತಂಗಿ, ಹಿಂಗ ನೋಡು. ಅಭಿ ಅದಾನೋ, ಇಲ್ಲೋ?"

ಇನ್ನೊಂದು ಸುಳ್ಳು ಬಾಯಿತುದಿಯಲ್ಲೇ ಇತ್ತು. ಶೇಖರಪ್ಪನವರಿಗೆ ಮಾತು ಕೊಟ್ಟಿದ್ದೆ. ಆದರೂ "ಇಲ್ಲ ಅಮ್ಮಾ" ಎಂದೆ.

"ಯಾವಾಗ?"

"ಸೋಮವಾರ."

"ಮಣ್ಣು?"

"ಇನ್ನೂ ಆಗಿಲ್ಲ. ಪೋಸ್ಟ್‌ಮಾರ್ಟಮ್ ಮುಗಿಸಿ ಕೊಡಬೇಕು."

ಅವರು ಅಳಲಿಲ್ಲ. ಬೆರಳು ಮಡಚುತ್ತಾ ಗುರುವಾರ, ಶುಕ್ರವಾರ, ಇವತ್ತು ಎಂದರು. "ಕೂಸು ಮಣ್ಣಾಗೂತನಕಾ ನಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲ. ಹಡದಾಕಿ ಹನಿ ನೀರ ಮುಟ್ಟೂದಿಲ್ಲ. ನೀ ನನಗ ಪಾಯಸಾ ಉಣಿಸಿದಿ?"

ಮೈಸೂರಿನ ನಮ್ಮ ಮನೆಯಲ್ಲೂ ಹಾಗೇ. ನನಗೆ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ.

ನೀಲವ್ವ ಗೋಡೆಯ ಬದಿ ಹುಲ್ಲಿನ ಮೇಲೆ ಮೊಣಕಾಲೂರಿ ಗಂಟಲಿಗೆ ಬೆರಳು ಹಾಕಿಕೊಂಡರು. ಒಂದು ಸಲ, ಎರಡು ಸಲ, ಏನೂ ಬಾರದಾದಮೇಲೂ. ಬೆನ್ನ ಮೇಲೆ ಕೈ ಇಟ್ಟೆ, ಕೊಡವಿದರು. ಕೋಟೆಯ ಕಾವಲುಗಾರ ಗ್ಲಾಸಿನಲ್ಲಿ ನೀರು ತಂದು, ತಿಂದದ್ದು ಒಗ್ಗಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೌದು ಎಂದೆ. ಅವರು ಗ್ಲಾಸನ್ನು ಪಕ್ಕಕ್ಕೆ ಸರಿಸಿದರು.

ರವಿವಾರ ಶೇಖರಪ್ಪ ಬಂದರು; ಮಣ್ಣಾದದ್ದು ಮಂಗಳವಾರ. ನನ್ನ ಗಂಡ ಗದರಿಸಿ ಕೊಟ್ಟ ನಾಲ್ಕು ಗುಟುಕು ನೀರು ಬಿಟ್ಟರೆ ಅಲ್ಲಿಯವರೆಗೆ ಅವರು ಏನೂ ಮುಟ್ಟಲಿಲ್ಲ. ನಾನೂ ಒಲೆ ಹಚ್ಚಲಿಲ್ಲ. ಅದನ್ನು ಅವರು ನೋಡಿದರೋ ಇಲ್ಲವೋ, ನನ್ನ ಹತ್ತಿರ ಮಾತನ್ನೇ ಆಡಲಿಲ್ಲ.